ಒಂದು ಚುಕ್ಕೆ ತೆಗೆದೆ, ಲಗ್ನಪತ್ರಿಕೆ ಮತ್ತೆ ಹೊಡೆಯಬೇಕಾಯಿತು

ಬೆಳಗಾವಿಯ ಖಡೇಬಜಾರ್ ಹತ್ತಿರದ ಒಂದು ಪ್ರೆಸ್‌ನಲ್ಲಿ ನಾನು ಡಿಟಿಪಿ ಮಾಡುತ್ತೇನೆ. ಮನೆಮಾತು ಕನ್ನಡ. ಆದರೆ ಮದುವೆ ಸೀಸನ್‌ನಲ್ಲಿ ಮರಾಠಿ ಪತ್ರಿಕೆಗಳೇ ಜಾಸ್ತಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹಿರಿಯರು ಮಗಳ ಲಗ್ನಪತ್ರಿಕೆಯ ಮ್ಯಾಟರ್ ಕೈಯಲ್ಲೇ ಬರೆದು ತಂದಿದ್ದರು. ಹಳೇ ಕಾಲದ ಬರವಣಿಗೆ, ಅಕ್ಷರಗಳ ತಲೆಯ ಮೇಲೆಲ್ಲ ಚುಕ್ಕೆ, ಅಂದರೆ ಅನುಸ್ವಾರ, ನಮ್ಮ ಸೊನ್ನೆ ಇದ್ದ ಹಾಗೆ. 'ನಾಂವ', 'ಗಾಂವ', 'ಪಾಂಚ' ಅಂತ. 1962ರ ಮರಾಠಿ ಬರವಣಿಗೆ ನಿಯಮಗಳಲ್ಲಿ ಉಚ್ಚಾರಕ್ಕೆ ಬಾರದ ಇಂಥ ಚುಕ್ಕೆಗಳನ್ನು ಕೈಬಿಟ್ಟಿದ್ದಾರೆ, ಈಗ 'ನಾವ', 'ಗಾವ', 'ಪಾಚ' ಅಂತಲೇ ಬರೆಯುತ್ತಾರೆ. ಅಷ್ಟು ನನಗೆ ಗೊತ್ತಿತ್ತು. ಅದೇ ಧೈರ್ಯದಲ್ಲಿ ಟೈಪ್ ಮಾಡುವಾಗಲೇ ಹಳೇ ಚುಕ್ಕೆ ಕಂಡಲ್ಲೆಲ್ಲ ತೆಗೆಯುತ್ತಾ ಹೋದೆ, ವರನ ತಂದೆಯ ಹೆಸರಿನ ಮುಂದಿದ್ದ 'ಯಾಂಚೆ ಚಿರಂಜೀವ' ಅನ್ನೋದು 'ಯಾಚೆ ಚಿರಂಜೀವ' ಆಗಿಬಿಟ್ಟಿತು.

300 ಪತ್ರಿಕೆ ಒಯ್ದವರು ಸಂಜೆಗೇ ವಾಪಸ್ ಬಂದರು. ಸಿಟ್ಟಿರಲಿಲ್ಲ, ಮುಖ ಸಣ್ಣದಾಗಿತ್ತು. "ತಮ್ಮಾ, ಬೀಗರಿಗೆ 'ಇವನ ಮಗ' ಅಂದಂಗ ಆತಲ್ಲೋ" ಅಂದರು. ನನಗೆ ನಿಂತ ನೆಲ ಕುಸಿದಂತಾಯಿತು. 'ಯಾಂಚೆ' ಅಂದರೆ ಇವರ, 'ಯಾಚೆ' ಅಂದರೆ ಇವನ. ಬಹುವಚನದ ಈ ಚುಕ್ಕೆಯನ್ನು ಹೊಸ ನಿಯಮವೂ ತೆಗೆದಿಲ್ಲ, ಉಳಿಸಲೇಬೇಕು ಅನ್ನುತ್ತದೆ, ಗೌರವದ ಬಹುವಚನಕ್ಕೂ ಅದೇ. "ಕಾಕಾ, ತಪ್ಪು ನಂದೇ" ಅಂದು ರಾತ್ರಿಯೇ ಕೂತು ಎಲ್ಲ ಮತ್ತೆ ಹೊಡೆದುಕೊಟ್ಟೆ.

ಕನ್ನಡದಲ್ಲಿ ಇಂಥ ತಪ್ಪು ಅಡಗಿ ಕೂರುವುದು ಕಷ್ಟ. ನಮ್ಮ ಸೊನ್ನೆ ಅಕ್ಷರದ ಪಕ್ಕದಲ್ಲಿ ತನ್ನದೇ ಜಾಗ ಹಿಡಿದು ಕೂರುತ್ತದೆ. 'ತಂದೆ'ಯ ಸೊನ್ನೆ ಬಿದ್ದರೆ 'ತದೆ', ಮಕ್ಕಳೂ ಹಿಡಿಯುತ್ತಾರೆ. ಮುಂದಿನ ಅಕ್ಷರ ನೋಡಿ ದನಿ ಬದಲಿಸುವ ಕೆಲಸ ಅದರದ್ದು: 'ತಂದೆ'ಯಲ್ಲಿ ನ್, 'ತುಂಬ'ದಲ್ಲಿ ಮ್, 'ತಂಟೆ'ಯಲ್ಲಿ ಣ್. ಗೌರವ ತೋರಿಸಲು ನಮಗೆ 'ಅವರು' ಅಂತ ಇಡೀ ಪದವೇ ಇದೆ. ಮರಾಠಿಯಲ್ಲಿ ಅದೆಲ್ಲ ಗೆರೆಯ ಮೇಲಿನ ಸಾಸಿವೆಯಷ್ಟು ಚುಕ್ಕೆಯ ಮೇಲೆ ನಿಂತಿರುತ್ತದೆ. ಚುಕ್ಕೆ ಇದ್ದರೂ ಇಲ್ಲದಿದ್ದರೂ ಎರಡೂ ಸರಿಯಾದ ಪದಗಳೇ, ಹಾಗಾಗಿ ಕಂಪ್ಯೂಟರ್ ಕೂಡ ಕೆಂಪು ಗೆರೆ ಎಳೆಯುವುದಿಲ್ಲ. ಹಿಂದಿಯಲ್ಲೂ ಹಾಗೆಯೇ ಅಲ್ವಾ, 'ಪಿತಾಜೀ ಆಯೇ ಹೈಂ' ಅನ್ನುವಲ್ಲಿ ಕೊನೆಯ ಚುಕ್ಕೆ ಹೋದರೆ ಅಪ್ಪನಿಗೆ ಕೊಡುವ ಮರ್ಯಾದೆಯೂ ಹೋಗುತ್ತದೆ.

ಅಂದಿನಿಂದ ಪ್ರೂಫ್ ಎರಡು ಸಲ ತೆಗೆಯುತ್ತೇನೆ. ಎರಡನೇ ಸಲ ಅಕ್ಷರ ಓದುವುದೇ ಇಲ್ಲ, ಬರೀ ಗೆರೆಯ ಮೇಲ್ಭಾಗ ನೋಡುತ್ತಾ ಮೂಲದ ಒಂದೊಂದು ಚುಕ್ಕೆಗೂ ಪೆನ್ಸಿಲ್‌ನಿಂದ ಟಿಕ್ ಹಾಕುತ್ತೇನೆ. ತೆಗೆಯಬೇಕು ಅನಿಸಿದ್ದನ್ನು ಸುಮ್ನೆ ತೆಗೆಯುವುದಿಲ್ಲ, ಗಿರಾಕಿಗೆ ಫೋನ್ ಮಾಡಿ ಆ ಸಾಲು ಓದಿಸಿ ಕೇಳುತ್ತೇನೆ.

ಮೊನ್ನೆ ಒಂದು ತಮಿಳು ಮನೆಯ ನಾಮಫಲಕ ಬಂತು. 'ಇಲ್ಲಂ', ಅಂದರೆ ಮನೆ. ಅದರಲ್ಲೂ ಎರಡು ಅಕ್ಷರಗಳ ತಲೆಯ ಮೇಲೆ ಒಂದೊಂದು ಚುಕ್ಕೆ. ನಮ್ಮ ಹುಡುಗ ಅದನ್ನು ಅನುಸ್ವಾರ ಅಂದುಕೊಂಡಿದ್ದ. ತಮಿಳಿನ ಆ ಪುಳ್ಳಿಯ ಕೆಲಸವೇ ಬೇರೆ, ಅದು ಅಕ್ಷರದಿಂದ ಸ್ವರ ತೆಗೆಯುತ್ತದೆ, ಲ ಇದ್ದದ್ದು ಲ್, ಮ ಇದ್ದದ್ದು ಮ್ ಆಗುತ್ತದೆ. ಎರಡೂ ಚುಕ್ಕೆ ಅಳಿಸಿ ಓದಿ ತೋರಿಸಿದೆ: 'ಇಲಲಮ'. ಅವನೇ ಮೌಸ್ ತಗೊಂಡು ಎರಡನ್ನೂ ವಾಪಸ್ ಇಟ್ಟ.