ಮಹಾಗನಿಯ ಸುಳಿ ಕಾಯುವ ವರ್ಷಗಳು

ದೊಡ್ಡೆಲೆ ಮಹಾಗನಿಯ ತವರು ಮೆಕ್ಸಿಕೊದಿಂದ ಅಮೆಜಾನ್ ಕಾಡಿನವರೆಗೆ. ಬೇರೆ ಖಂಡಕ್ಕೆ ತಂದು ನೆಟ್ಟರೂ ಸಸಿ ಸಲೀಸಾಗಿ ಬೇರೂರುತ್ತದೆ. ಮರವನ್ನು ಕೆಡಿಸುವುದು ಸುಳಿಕೊರಕ, ಅಂದರೆ ಗಿಡದ ಸುಳಿ (ತುದಿಯ ಎಳೆ ಚಿಗುರು) ಕೊರೆದು ತಿನ್ನುವ ಪತಂಗದ ಮರಿಹುಳು. ಅಮೆರಿಕ ಖಂಡಗಳಲ್ಲಿ ಇದು ಹಿಪ್ಸಿಪೈಲಾ ಗ್ರಾಂಡೆಲ್ಲಾ, ಏಷ್ಯಾ ಮತ್ತು ಆಫ್ರಿಕಾದಲ್ಲಿ ಅದರ ದಾಯಾದಿ ಹಿಪ್ಸಿಪೈಲಾ ರೊಬಸ್ಟಾ. ರೊಬಸ್ಟಾ ಮೊದಲಿನಿಂದಲೂ ಗಂಧಗರಿಗೆ ಮರ ತಿಂದು ಬದುಕಿದ ಹುಳು. ಮಹಾಗನಿಯೂ ಅದೇ ಬೇವಿನ ಕುಟುಂಬದ್ದು, ಹಾಗಾಗಿ ಹೊಸಬನೆಂದು ಬಿಡುವುದಿಲ್ಲ. ಇದೇ ಗಂಧಗರಿಗೆಯನ್ನು ದಕ್ಷಿಣ ಅಮೆರಿಕಕ್ಕೆ ಒಯ್ದು ನೆಟ್ಟಾಗ ಗ್ರಾಂಡೆಲ್ಲಾಗೆ ಅದು ದಕ್ಕಲಿಲ್ಲ! ಈ ಪತಂಗಗಳೇ ಇಲ್ಲದ ಫಿಜಿಯಲ್ಲಿ ಮಹಾಗನಿ ತೋಪುಗಳು ನೆಟ್ಟಗೆ ಬೆಳೆದಿವೆ. ಮಣ್ಣಿನ ಪರೀಕ್ಷೆಗೂ ಮೊದಲು, ಸುತ್ತಮುತ್ತ ಈ ಕುಟುಂಬದ ಮರಗಳಲ್ಲಿ ಸುಳಿ ಒಣಗಿದೆಯೇ ನೋಡಿ.

ಪತಂಗ ಎಳೆ ಚಿಗುರಿನ ಮೇಲೆ ಮೊಟ್ಟೆ ಇಡುತ್ತದೆ. ಮರಿಹುಳು ಸುಳಿಯೊಳಗೆ ಹೊಕ್ಕು ತಿರುಳನ್ನು ಟೊಳ್ಳು ಮಾಡುತ್ತದೆ. ರಂಧ್ರದ ಬಾಯಲ್ಲಿ ಹಿಕ್ಕೆಯ ಪುಡಿ, ಅಂಟು; ಆಮೇಲೆ ಸುಳಿ ಬಾಡಿ ಕಪ್ಪಾಗುತ್ತದೆ. ಗಿಡ ಸಾಯುವುದು ಅಪರೂಪ. ಆದರೆ ಕೆಳಗಿನಿಂದ ಮೂರು ನಾಲ್ಕು ಚಿಗುರು ಒಟ್ಟಿಗೆ ಎದ್ದು ಕಾಂಡ ಕವಲಾದರೆ ದಿಮ್ಮಿ ಹೋಯಿತೆಂದೇ ಲೆಕ್ಕ. ಹುಳು ಒಳಗಿರುವುದರಿಂದ ಮೇಲೆ ಸಿಂಪಡಿಸಿದ ಔಷಧಿ ಅದನ್ನು ಮುಟ್ಟುವುದಿಲ್ಲ. ಮಳೆಯಲ್ಲಿ ತೊಳೆದೂ ಹೋಗುತ್ತದೆ.

ಕತ್ತರಿಯೇ ನಂಬಿಕಸ್ತ ಸಾಧನ. ಹೊಸ ಚಿಗುರು ಬರುವ ಕಾಲದಲ್ಲಿ 15 ದಿನಕ್ಕೊಮ್ಮೆ ಪ್ರತಿ ಗಿಡದ ಸುಳಿ ನೋಡಬೇಕು. ಬಾಡಿದ್ದರೆ ಟೊಳ್ಳು ಮುಗಿದು ಗಟ್ಟಿ ತಿರುಳು ಕಾಣುವವರೆಗೆ ಇಳಿದು, ಅದರ ಕೆಳಗೆ ಓರೆಯಾಗಿ ಕತ್ತರಿಸಿ. ತುಂಡನ್ನು ಅಲ್ಲೇ ಬಿಸಾಡಬೇಡಿ, ಸುಡಿ. ಒಳಗಿನ ಹುಳು ಅಲ್ಲೇ ಪತಂಗವಾದೀತು. ಹೊಸ ಚಿಗುರುಗಳು ಗೇಣುದ್ದವಾದಾಗ ನೆಟ್ಟಗಿರುವ, ಬಲವಾದ ಒಂದನ್ನು ಉಳಿಸಿ ಮಿಕ್ಕವನ್ನು ತೆಗೆಯಿರಿ. ಈ ಎರಡನೇ ಸುತ್ತು ಮರೆತರೆ ಮೊದಲಿನ ಕತ್ತರಿಕೆಯೇ ವ್ಯರ್ಥ.

ಬಟ್ಟಬಯಲಲ್ಲಿ ಮಹಾಗನಿಯೊಂದನ್ನೇ ಸಾಲಾಗಿ ನೆಡುವುದು ಹುಳುವಿಗೆ ಹಬ್ಬ. ಒಂದು ವರ್ಷ ಮೊದಲೇ ಬೇರೆ ಕುಟುಂಬದ, ಬೇಗ ಬೆಳೆಯುವ ಮರದ ಸಾಲು ಎಬ್ಬಿಸಿ ನಡುವೆ ಸಸಿ ಇಡಿ. ನೆರಳು ಪಕ್ಕದಿಂದ ಸಿಗಬೇಕು, ನೆತ್ತಿ ತೆರೆದಿರಬೇಕು. ನೆತ್ತಿ ಮುಚ್ಚಿದರೆ ಗಿಡ ಕುಗ್ಗುತ್ತದೆ. ಯೂರಿಯಾ ಸುರಿಯುವ ಆಸೆ ಬೇಡ, ಮೆತ್ತಗಿನ ಕೊಬ್ಬಿದ ಚಿಗುರು ಪತಂಗವನ್ನೇ ಕರೆಯುತ್ತದೆ.

  

ಮಹಾಗನಿಯ ಕವಲಿಲ್ಲದ ಕಾಂಡ 5-6 ಮೀಟರ್ ದಾಟಿದ ಮೇಲೆ ತುದಿಗೆ ಹುಳು ಬಿದ್ದರೂ ಮೊದಲ ದಿಮ್ಮಿ ಉಳಿಯುತ್ತದೆ. ಅಲ್ಲಿಂದ ಕತ್ತರಿ ಬಿಟ್ಟು, ನೆತ್ತಿಗಳು ಒಂದಕ್ಕೊಂದು ತಾಗಿದಾಗ ಕವಲೊಡೆದ ಮರಗಳನ್ನು ಮೊದಲು ಕಡಿದು ಜಾಗ ಬಿಡಿಸಿ.