ಅವ್ವನ ರೊಟ್ಟಿ, ಅಪ್ಪನ ‘ಸರಿ’: ಪಿಯಾನೋ ಉಡುಗೊರೆ, ಐದನೇ ತಿಂಗಳು

ಅಕ್ಕನಿಗೆ ಅಂತ ಬರೆದಿದ್ದ ತುಣುಕನ್ನು ಮೊನ್ನೆ ಪಕ್ಕಕ್ಕಿಟ್ಟೆ. ಕೇಳೋಕೆ ಇಂಪಾಗಿಯೇ ಇತ್ತು. ಆದರೆ ಯಾರ ಅಕ್ಕನಿಗೆ ಬೇಕಾದರೂ ಕೊಡಬಹುದಿತ್ತು. ನನ್ನ ಅಕ್ಕ ಅದರಲ್ಲಿ ಎಲ್ಲೂ ಇರಲಿಲ್ಲ.

ಜನವರಿಯಲ್ಲಿ ಅಂದುಕೊಂಡಿದ್ದು ಇಷ್ಟೇ. ಮನೆಯ ಒಬ್ಬೊಬ್ಬರಿಗೂ ಎರಡು ನಿಮಿಷದ ಪಿಯಾನೋ ತುಣುಕು ಕಟ್ಟಿ ಕೊಡಬೇಕು. ನಮ್ಮ ಮನೆಯಲ್ಲಿರುವುದು 88 ಕೀಗಳ ಡಿಜಿಟಲ್ ಪಿಯಾನೋ. ತಂತಿ ಇಲ್ಲ, ಹಾಗಾಗಿ ರಾಯಚೂರಿನ ಬಿಸಿಲಿಗೆ ಶ್ರುತಿ ಕೆಡುವ ಚಿಂತೆಯೂ ಇಲ್ಲ. ಬರೆದಿಡೋಕೆ ಮ್ಯೂಸ್‌ಸ್ಕೋರ್ ಅನ್ನೋ ಸ್ವರಲಿಪಿ ತಂತ್ರಾಂಶ ಬಳಸುತ್ತೇನೆ, ಅದು ಉಚಿತ.

ದಾರಿ ಕಂಡಿದ್ದು ಇಂಗ್ಲೆಂಡಿನ ಸಂಗೀತ ಸಂಯೋಜಕ ಎಡ್ವರ್ಡ್ ಎಲ್ಗರ್ ಅವರಿಂದ. 1899ರಲ್ಲಿ ಅವರು ಹೆಂಡತಿ ಮತ್ತು ಗೆಳೆಯರಿಗೆ ಅಂತ ಒಂದೊಂದು ತುಣುಕು ಬರೆದರು. ಅದರಲ್ಲಿ ಒಬ್ಬರ ನಾಯಿ ನದಿಗೆ ಬಿದ್ದು ಈಜಿ ದಡ ಹತ್ತುವುದೂ ಇದೆ! ಹೊಗಳಿಕೆ ಬೇಕಾಗಿಲ್ಲ, ಅವರ ಸುತ್ತಲಿನ ಸದ್ದು ಸಾಕು ಅಂತ ಆಗ ಅನಿಸಿತು. ಅವ್ವನ ಸದ್ದು ಯಾವುದು ಅಂತ ಯೋಚಿಸಬೇಕಾಗಲಿಲ್ಲ. ಅಡುಗೆಮನೆಯಿಂದ ಬರುತ್ತಲೇ ಇತ್ತು.

ಜೋಳದ ರೊಟ್ಟಿ ಬಡಿಯುವ ಸದ್ದು. ಮೇ ತಿಂಗಳಲ್ಲಿ ಫ್ಯಾನ್ ಇಲ್ಲದೆ ಕೂರೋಕೆ ಆಗಲ್ಲ, ಫ್ಯಾನ್ ಹಾಕಿದರೆ ರೆಕಾರ್ಡಿಂಗ್ ಹಾಳು. ಅದಕ್ಕೆ ಬೆಳಗ್ಗೆ ಐದೂವರೆಗೆ ಫೋನ್ ಇಟ್ಟೆ. ಆಮೇಲೆ ಹತ್ತಾರು ಸಲ ಕೇಳಿದೆ. ಮೂರು ಏಟು, ಒಂದು ತಿರುವು. ಮತ್ತೆ ಮೂರು ಏಟು. ಮೊದಲಿಗೆ ಹಿಟ್ಟು ದಪ್ಪ, ಸದ್ದೂ ದಪ್ಪ, ನಿಧಾನ. ರೊಟ್ಟಿ ತೆಳ್ಳಗಾದಂತೆ ಏಟು ಹಗುರಾಗುತ್ತದೆ, ಬೇಗವೂ ಆಗುತ್ತದೆ. ನಡುನಡುವೆ ಬಳೆ. ಇಪ್ಪತ್ತೆಂಟು ವರ್ಷ ಇದೇ ಮನೆಯಲ್ಲಿ ಉಂಡವನು ನಾನು. ಇದನ್ನು ಒಮ್ಮೆಯೂ ಕಿವಿಗೊಟ್ಟು ಕೇಳಿರಲಿಲ್ಲ.

ಎಡಗೈಗೆ ಇದನ್ನೇ ಕೊಟ್ಟೆ. ಕೆಳಗಿನ ಕೀಗಳಲ್ಲಿ ಶುರುವಾಗಿ ಮೆಲ್ಲಗೆ ಮೇಲೆ ಹತ್ತುತ್ತದೆ. ಮೊದಲ ಸಲ, ಒಂದೇ ಲಯದಲ್ಲಿ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಹಾಕಿಕೊಂಡು ನುಡಿಸಿದೆ, ಉಳಿದ ಏರುಪೇರನ್ನು ಕಂಪ್ಯೂಟರಿನಲ್ಲಿ ಸಮ ಮಾಡಿದೆ. ಅವ್ವ ಕೇಳಿ, ‘ಇದು ಮಷಿನ್ ರೊಟ್ಟಿ ಸದ್ದಪ್ಪ. ನನ್ನ ಕೈ ಅಲ್ಲ’ ಅಂದಳು. ಸರಿಯಾಗೇ ಹೇಳಿದಳು. ಆ ತಿರುವು ಒಂದು ಏಟಿಗಿಂತ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ. ನಾನು ಅದನ್ನು ನಾಲ್ಕನೇ ಏಟಿನ ಅಳತೆಗೆ ಕತ್ತರಿಸಿದ್ದೆ. ಮೆಟ್ರೊನೋಮ್ ತೆಗೆದು, ಹೆಡ್‌ಫೋನಿನಲ್ಲಿ ಅವ್ವನ ರೆಕಾರ್ಡಿಂಗ್ ಕೇಳುತ್ತಾ ಅದರ ಜೊತೆಗೇ ನುಡಿಸುವುದನ್ನು ಕಲಿತೆ. ಹನ್ನೊಂದು ದಿನ ಹಿಡಿಯಿತು.

ಬಲಗೈಗೆ ಅವಳು ಗುನುಗುವ ಬೀಸುವ ಪದದ ಧಾಟಿ. ತೊಡಕಾಗಿದ್ದು ಇಲ್ಲೇ. ಅವ್ವನ ಗಂಟಲು ಗ ದಿಂದ ರಿ ಗೆ ಜಾರುತ್ತದೆ. ಪಿಯಾನೋದಲ್ಲಿ ಒಂದು ಸಪ್ತಕಕ್ಕೆ 12 ಕೀ, ನಡುವೆ ಜಾರೋಕೆ ಜಾಗವೇ ಇಲ್ಲ. ಈಗ ಗ ಒತ್ತಿ, ಅದನ್ನು ಪೂರ್ತಿ ಬಿಡುವ ಮೊದಲೇ ರಿ ಒತ್ತುತ್ತೇನೆ, ನಾದ ಹಿಡಿದಿಡುವ ಕಾಲಿನ ಪೆಡಲ್ ಅರ್ಧ ಮಾತ್ರ. ಜಾರಿದ ನೆನಪಾದರೂ ಬರುತ್ತದೆ. ಹಂಚಿನ ಚುಯ್ ಸದ್ದಿಗೂ ಮೇಲಿನ ಕೀಗಳಲ್ಲಿ ಏನೋ ಹಾಕಿದ್ದೆ. ತೆಗೆದುಬಿಟ್ಟೆ. ಬಡಿಯುವುದು ನಿಂತ ಮೇಲಿನ ಮೌನವೇ ಅಲ್ಲಿ ಚೆನ್ನಾಗಿತ್ತು.

ಹೋದ ಭಾನುವಾರ ಮತ್ತೆ ಕೇಳಿಸಿದೆ. ಅವ್ವ ಕಣ್ಣು ಮುಚ್ಚಿದ್ದಳು, ತೊಡೆಯ ಮೇಲೆ ಕೈ ತಿರುಗುತ್ತಿತ್ತು. ಆ ಮೌನ ಬರೋದಕ್ಕೆ ಸ್ವಲ್ಪ ಮೊದಲೇ, ‘ಆತು, ಹಂಚಿಗಿ ಹಾಕು’ ಅಂದುಬಿಟ್ಟಳು! ಅದನ್ನು ಇನ್ನು ಮುಟ್ಟುವುದಿಲ್ಲ.

ಈಗ ಅಪ್ಪನ ಸರದಿ. ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರದಲ್ಲಿ ಮೂವತ್ತು ವರ್ಷ ಪಾಳಿ ಮಾಡಿದವರು. ಯಂತ್ರಗಳ ಗದ್ದಲದಲ್ಲಿ ಇದ್ದೂ ಇದ್ದೂ ಮಾತು ಕಮ್ಮಿ. ಫೋನಿನಲ್ಲಿ ಏನು ಹೇಳಿದರೂ ‘ಸರಿ’. ಕರ್ನಾಟಕ ಸಂಗೀತದಲ್ಲಿ ಸಾಹಿತ್ಯದ ಅಕ್ಷರವೂ ಸ್ವರವೂ ಒಂದೇ ಆದರೆ ಸ್ವರಾಕ್ಷರ ಅಂತಾರೆ. ಅಪ್ಪ ದಿನವೂ ಹಾಡುತ್ತಿದ್ದದ್ದು ಸ ಮತ್ತು ರಿ, ಅಲ್ವಾ? ಹಿಂದೂಸ್ತಾನಿಯಲ್ಲಿ ಅದು ರೆ ಆಗುತ್ತದೆ, ನನಗೆ ಇಲ್ಲಿ ರಿ ನೇ ಬೇಕು.

ರಾಗ ಮೋಹನ, ಐದೇ ಸ್ವರದ್ದು. ಹಾರ್ಮೋನಿಯಂನವರು ಹೇಳುವ ಕರಿ ಮೂರನ್ನು, ಅಂದರೆ ಸಪ್ತಕದ ಮೂರನೇ ಕಪ್ಪು ಕೀಯನ್ನು, ಸ ಅಂತ ಹಿಡಿದರೆ ಐದು ಕಪ್ಪು ಕೀಗಳಲ್ಲೇ ಇಡೀ ಮೋಹನ ಸಿಗುತ್ತದೆ. ಹಾಗಾಗಿ ಸ ಮತ್ತು ರಿ ಅಪ್ಪನೇ ಒತ್ತಲಿ, ಉಳಿದಿದ್ದು ನಾನು ನುಡಿಸುತ್ತೇನೆ ಅಂತ ಇಬ್ಬರ ತುಣುಕಾಗಿ ಬದಲಿಸುತ್ತಿದ್ದೇನೆ. ನಿನ್ನೆ ರಾತ್ರಿ ಆ ಎರಡು ಕೀಗಳಿಗೆ ಬಿಳಿ ಕಾಗದದ ಚೂರು ಅಂಟಿಸಿ ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಸ ಒತ್ತಿದರು. ನಾನು ಬರೆದಿದ್ದಕ್ಕಿಂತ ತುಂಬಾ ಹೊತ್ತು ಹಿಡಿದು, ಆಮೇಲೆ ರಿ ಗೆ ಹೋದರು. ಇವತ್ತು ಕೂತು ನನ್ನ ಭಾಗವನ್ನು ಆ ಅಳತೆಗೆ ಬರೆಯುತ್ತಿದ್ದೇನೆ.