ಮೊದಲ ವೀಳ್ಯ ಮನೆದೇವರಿಗೆ

ಮಗಳಿಗೆ ಗಂಡು ಗೊತ್ತಾಯಿತು ಅನ್ನುವ ಮಾತು ಮನೆಯಲ್ಲಿ ಹುಟ್ಟಿದ ಗಳಿಗೆಯಲ್ಲೇ ಕೈ ಫೋನಿನ ಕಡೆ ಹೋಗುತ್ತದೆ. ಹೋಗಲಿ, ಸಂತೋಷವನ್ನು ತಡೆದಿಡಬಾರದು. ಆದರೆ ಆ ಮಾತನ್ನು ಮೊದಲು ಕೇಳಬೇಕಾದವನು ದೇವರಮನೆಯಲ್ಲಿದ್ದಾನೆ. ತುಪ್ಪದ ದೀಪ ಹಚ್ಚಿ, ಎರಡು ವೀಳ್ಯದೆಲೆ, ಎರಡು ಅಡಿಕೆ, ಒಂದು ಬಟ್ಟಲು ಸಕ್ಕರೆ ಇಟ್ಟು, ಮನೆದೇವರ ಹೆಸರು ಹಿಡಿದು ಬಾಯಿಬಿಟ್ಟು ಹೇಳಿಕೊಳ್ಳಬೇಕು: ಹುಡುಗ ಇಂಥ ಊರಿನವನು, ಇಂಥ ಮನೆಯವನು, ಇನ್ನು ನಡೆಸಿಕೊಡುವವನು ನೀನು. ಇದಕ್ಕೆ ಮಂತ್ರ ಬೇಕಿಲ್ಲ, ಪುರೋಹಿತರೂ ಬೇಕಿಲ್ಲ. ಅದೇ ಸಕ್ಕರೆಯನ್ನು ಆಮೇಲೆ ಮನೆಮಂದಿಯ ಕೈಗೆ ಕೊಟ್ಟರೆ ಸುದ್ದಿ ಪ್ರಸಾದವಾಗಿ ಮನೆಯಿಂದ ಹೊರಡುತ್ತದೆ. ಉತ್ತರ ಕನ್ನಡದ ಇಡಗುಂಜಿಯಲ್ಲಿ ಕೆಲವು ಸಮುದಾಯದವರು ಇನ್ನೂ ಹಿಂದಿನ ಹೆಜ್ಜೆಯಿಂದಲೇ ಶುರುಮಾಡುತ್ತಾರೆ. ಗಣಪತಿಯ ಎರಡೂ ಪಾದಗಳಿಗೆ ಚೀಟಿ ಅಂಟಿಸಿ, ಬಲಪಾದದ್ದು ಮೊದಲು ಬಿದ್ದರೆ ಮಾತ್ರ ಸಂಬಂಧದ ಮಾತು ಮುಂದುವರಿಸುವುದು ಅವರ ರೀತಿ. ನಮ್ಮ ಮೈಸೂರು, ಮಂಡ್ಯ, ಹಾಸನದ ಕಡೆ ಚೀಟಿ ಇಲ್ಲದಿದ್ದರೂ ಕ್ರಮ ಒಂದೇ: ದೇವರಿಗೆ, ಹಿರಿಯರಿಗೆ, ಆಮೇಲೆ ಊರಿಗೆ. ನಿಶ್ಚಿತಾರ್ಥದ ಒಂದೊಂದು ಶಾಸ್ತ್ರವೂ ಈ ಕ್ರಮದಲ್ಲೇ ಬೆಳೆಯುತ್ತದೆ.

ಅಂದೇ ಮುಡಿಪು, ಅಂದರೆ ಹರಕೆಯ ಕಾಣಿಕೆಯ ಗಂಟು, ಕಟ್ಟಿಡುವುದು ಒಳ್ಳೆಯದು. ಬಿಳಿಯ ಹತ್ತಿ ಬಟ್ಟೆಯನ್ನು ಒಂದು ಗೇಣು ಚೌಕಕ್ಕೆ ಹರಿದು, ಅರಿಶಿನದ ನೀರಿನಲ್ಲಿ ಅದ್ದಿ, ಪೂರ್ತಿ ಒಣಗಿಸಿ, ಹನ್ನೊಂದು ರೂಪಾಯಿಯೋ ನೂರಾ ಒಂದೋ ಶಕ್ತಿಗೆ ತಕ್ಕ ಕಾಣಿಕೆ ಇಟ್ಟು ಗಂಟು ಹಾಕುವುದು. ಬಟ್ಟೆಯಲ್ಲಿ ಸ್ವಲ್ಪ ತೇವ ಉಳಿದರೂ ನೋಟು ಬೂಷ್ಟು ಹಿಡಿಯುತ್ತದೆ, ನಾಣ್ಯ ಕಪ್ಪಾಗುತ್ತದೆ. ಇನ್ನೊಂದು ತೊಂದರೆ ಬಹಳ ಮನೆಗಳಲ್ಲಿ ಕಾಣುವಂಥದ್ದು. ತಿರುಪತಿಗೆ ಒಂದು, ನಂಜನಗೂಡಿಗೆ ಒಂದು, ಮಾದಪ್ಪನಿಗೆ ಒಂದು ಎಂದು ಮೂರು ಗಂಟು ಒಂದೇ ಡಬ್ಬದಲ್ಲಿ ಕೂತಿರುತ್ತವೆ. ಎರಡು ವರ್ಷ ಕಳೆದ ಮೇಲೆ ಯಾವುದು ಯಾರಿಗೆ, ಯಾಕೆ ಕಟ್ಟಿದ್ದು ಎಂದು ಮನೆಯಲ್ಲಿ ಒಬ್ಬರಿಗೂ ನೆನಪಿರುವುದಿಲ್ಲ. ದೇವರ ಹೆಸರು, ಹರಕೆ, ದಿನ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಗಂಟಿನೊಳಗೇ ಇಡಿ. ಹರಕೆಯನ್ನು ತೀರಿಸಲಾಗುವಷ್ಟಕ್ಕೇ ಹೇಳಿಕೊಳ್ಳಬೇಕು. ಸಾಲ ಮಾಡಿ ಮಾಡುವ ದೊಡ್ಡ ಸೇವೆಗಿಂತ ಮನಸ್ಸಿಟ್ಟು ಮಾಡಿಸುವ ಒಂದು ಅರ್ಚನೆಯನ್ನೇ ದೇವರು ಮೆಚ್ಚುತ್ತಾನೆ ಅನ್ನುವುದು ನಮ್ಮ ದೃಢ ನಂಬಿಕೆ. ಮದುವೆಯ ಖರ್ಚಿಗೂ ಇದೇ ಮಾತು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆದುಬರುತ್ತಿದೆ. ಮಂಜುನಾಥನ ಎದುರು ಹಾಗೆ ಕಟ್ಟಿದ ತಾಳಿಯ ತೂಕ ಬೆಂಗಳೂರಿನ ಅರಮನೆ ಮೈದಾನದ ಯಾವ ಮದುವೆಗೂ ಕಡಿಮೆಯಲ್ಲ.

ದಿನ ನೋಡುವಾಗ ಛತ್ರದವರಿಗೆ ಮುಂಗಡ ಕೊಟ್ಟು ಆಮೇಲೆ ಪಂಚಾಂಗ ತೆರೆಯುವುದು ಈಗಿನ ರೂಢಿಯಾಗಿಬಿಟ್ಟಿದೆ. ಅದನ್ನು ತಿರುಗಿಸಿಕೊಳ್ಳಿ. ಆಷಾಢ, ಪಿತೃಪಕ್ಷ, ಧನುರ್ಮಾಸ, ಅಧಿಕಮಾಸ, ಗುರು ಶುಕ್ರರು ಅಸ್ತರಾಗಿರುವ ದಿನಗಳು ಬಿಟ್ಟು ಉಳಿದುದರಲ್ಲಿ ಇಬ್ಬರ ನಕ್ಷತ್ರಕ್ಕೂ ತಾರಾಬಲ, ಅಂದರೆ ದಿನದ ನಕ್ಷತ್ರದ ಅನುಕೂಲ, ಬರುವ ದಿನ ಹುಡುಕಬೇಕು. ಪರಾಭವ ಸಂವತ್ಸರದಲ್ಲಿ 2026ರ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಇರುವುದನ್ನು ಗಮನಿಸದೆ ರಜೆಯ ಲೆಕ್ಕದಲ್ಲಿ ಮೇ ತಿಂಗಳ ಕೊನೆಯನ್ನು ಹಿಡಿದುಕೊಂಡರೆ ಆಮೇಲೆ ಪೇಚಾಡಬೇಕಾಗುತ್ತದೆ. ನಿಶ್ಚಿತಾರ್ಥ ಹೆಚ್ಚಾಗಿ ಭಾನುವಾರ ಬೀಳುವುದರಿಂದ ರಾಹುಕಾಲದ ಮಾತು ಒಂದು: ಭಾನುವಾರ 4:30ರಿಂದ 6 ಅನ್ನುವುದು ಬೆಳಗ್ಗೆ 6ಕ್ಕೆ ಸೂರ್ಯ ಹುಟ್ಟಿ ಸಂಜೆ 6ಕ್ಕೆ ಮುಳುಗುವ ದಿನದ ಲೆಕ್ಕ. ಹಗಲನ್ನು ಎಂಟು ಭಾಗ ಮಾಡಿದರೆ ಕೊನೆಯ ಭಾಗ ಅದು. ಹಗಲು ಉದ್ದವಿರುವ ಜೂನ್‌ನಲ್ಲಿ ಅದು ಐದು ದಾಟಿದ ಮೇಲೆ ಶುರುವಾಗಿ ಸೂರ್ಯ ಮುಳುಗುವವರೆಗೂ ಇರುತ್ತದೆ. ಆರಕ್ಕೆ ಮುಗಿಯಿತು ಎಂದು ತಾಂಬೂಲ ಬದಲಾಯಿಸಲು ಕೂರಬೇಡಿ.

ನಿಶ್ಚಿತಾರ್ಥದ ಜೀವ ಉಂಗುರದಲ್ಲಿಲ್ಲ, ಲಗ್ನಪತ್ರಿಕೆ ಓದುವುದರಲ್ಲಿ ಮತ್ತು ತಾಂಬೂಲ ಬದಲಾಯಿಸುವುದರಲ್ಲಿ ಇದೆ. ಅರಿಶಿನದ ಗಣಪನನ್ನು ಎಲೆಯ ಮೇಲೆ ಕೂರಿಸಿ ಗರಿಕೆಯಿಂದ ಪೂಜಿಸಿ, ಸಂಕಲ್ಪವಾದ ಮೇಲೆ ಪುರೋಹಿತರು ಎರಡೂ ಕಡೆಯ ಗೋತ್ರ ಹೇಳಿ, ಮುತ್ತಾತ, ತಾತ, ತಂದೆ ಹೀಗೆ ಮೂರು ತಲೆಮಾರಿನ ಹೆಸರು ಕೇಳುತ್ತಾರೆ. ಮುತ್ತಾತನ ಹೆಸರು ಯಾರಿಗೂ ಬಾರದೆ ಸಭೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುವ ಹೊತ್ತು ಇದೇ. ವಾರ ಮೊದಲೇ ಮನೆಯ ಹಿರಿಯರನ್ನು ಕೇಳಿ ಎರಡೂ ಕಡೆಯವರು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮದುವೆಯ ದಿನ ಕನ್ಯಾದಾನದ ಹೊತ್ತಿಗೂ ಇದೇ ಹಾಳೆ ಬೇಕು.

ಲಗ್ನಪತ್ರಿಕೆ ಎರಡು ಪ್ರತಿ ಇರಲಿ. ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ, ಲಗ್ನ ಎಲ್ಲ ಬರೆದಾದ ಮೇಲೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಕುಂಕುಮವಿಟ್ಟು, ಗಣಪನ ಮುಂದಿಟ್ಟು, ಗಟ್ಟಿಯಾಗಿ ಓದಿಸಿ, ಆಮೇಲೆ ಇಬ್ಬರು ಬೀಗರೂ ತಾಂಬೂಲದ ಜೊತೆ ಬದಲಾಯಿಸಿಕೊಳ್ಳಬೇಕು. ಕೊಟ್ಟ ಮಾತಿಗೆ ದೇವರೂ ಸಭೆಯೂ ಸಾಕ್ಷಿಯಾಗುವುದು ಆಗಲೇ. ಆ ಹೊತ್ತಿಗೆ ಮೈಕಿನ ಹಾಡು ನಿಲ್ಲಿಸಿ, ಮಾತು ಎಲ್ಲರ ಕಿವಿಗೂ ಬೀಳಲಿ. ಪತ್ರಿಕೆಯಲ್ಲಿ ಹೆಚ್ಚು ಎಡವಟ್ಟಾಗುವುದು ಬೆಳಗಿನ ಜಾವದ ಲಗ್ನದಲ್ಲಿ. ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಕ್ಯಾಲೆಂಡರಿನ ದಿನ ನಡುರಾತ್ರಿಗೇ ಬದಲಾಗುತ್ತದೆ. ಸೋಮವಾರ ಬೆಳಗಿನ ಜಾವ 4:30ರ ಲಗ್ನ ಪಂಚಾಂಗಕ್ಕೆ ಇನ್ನೂ ಭಾನುವಾರವೇ. ಅಚ್ಚಿನ ಮನೆಗೆ ಕೊಡುವಾಗ ‘ಭಾನುವಾರ ರಾತ್ರಿ ಕಳೆದು ಸೋಮವಾರ ಬೆಳಗಿನ ಜಾವ’ ಎಂದು ಬಿಡಿಸಿ ಬರೆಸದಿದ್ದರೆ ನೆಂಟರಲ್ಲಿ ಅರ್ಧ ಜನ ದಿನ ತಪ್ಪಿ ಬಂದಿಳಿಯುತ್ತಾರೆ.

ತಟ್ಟೆಗಳು ಬೆಸ ಸಂಖ್ಯೆಯಲ್ಲಿರಬೇಕು. ಐದು ಸಾಕು, ಒಂಬತ್ತಾದರೆ ತುಂಬು. ಅರಿಶಿನ ಕುಂಕುಮ, ಎಲೆ ಅಡಿಕೆ ತೆಂಗಿನಕಾಯಿ, ಹಣ್ಣು, ಸಕ್ಕರೆ ಅಥವಾ ಕಲ್ಲುಸಕ್ಕರೆ, ಸೀರೆ ಕಣ ಬಳೆ ಹೂವು, ಇಷ್ಟು ಮುಖ್ಯ. ಉಳಿದದ್ದು ಅವರವರ ಪ್ರೀತಿ. ತೆಂಗಿನಕಾಯಿಗೆ ಜುಟ್ಟು ಇರಲೇಬೇಕು, ಅಲ್ಲಾಡಿಸಿದರೆ ನೀರಿನ ಸದ್ದು ಕೇಳಬೇಕು. ಎಲೆಯ ಲೆಕ್ಕ ಹೀಗೆ: ತಾಂಬೂಲಕ್ಕೆ ಎರಡರಂತೆ ನೂರು ಜನಕ್ಕೆ ಇನ್ನೂರು, ಹರಿದದ್ದು ತುದಿ ಮುರಿದದ್ದು ತೆಗೆದರೆ ಐವತ್ತಾದರೂ ಹೋಗುತ್ತದೆ, ಆದ್ದರಿಂದ ಇನ್ನೂರೈವತ್ತು ತರಬೇಕು. ಹಿಂದಿನ ಸಂಜೆ ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಬಾಳೆಎಲೆ ಮುಚ್ಚಿ ತಂಪಾದ ಮೂಲೆಯಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೆವೆತು ಬೆಳಗ್ಗೆ ಕಪ್ಪು ಚುಕ್ಕೆ ಬಂದಿರುತ್ತದೆ. ಮೈಸೂರಿನ ಎಲೆ ಸಿಕ್ಕರೆ ಅದನ್ನೇ ತನ್ನಿ. ಭೌಗೋಳಿಕ ಮಾನ್ಯತೆ ಪಡೆದ ಆ ಎಲೆಯ ಮೃದುತನ ಹಿಡಿದವರಿಗೆ ತಿಳಿಯುತ್ತದೆ. ಮಲ್ಲಿಗೆ ಸಂಜೆಗೆ ಅರಳುವ ಹೂವು, ಆದ್ದರಿಂದ ಬೆಳಗಿನ ಕಾರ್ಯಕ್ಕೆ ಬಿಗಿ ಮೊಗ್ಗನ್ನು ಹಿಂದಿನ ದಿನ ಕಟ್ಟಿಸಿ ತಂಪಿನಲ್ಲಿ ಇಡಬೇಕು. ಚಳಿಗಾಲದಲ್ಲಿ ಮಲ್ಲಿಗೆ ಬೆಲೆ ಏರಿರುತ್ತದೆ. ಹೆಣ್ಣಿಗೆ ಮುಡಿಸಲು, ದೇವರಿಗೆ ಏರಿಸಲು ಎಷ್ಟು ಮಾರು ಬೇಕೋ ಅಷ್ಟು ಮಲ್ಲಿಗೆ ತಂದು, ಉಳಿದದ್ದಕ್ಕೆ ಸೇವಂತಿಗೆ ಕನಕಾಂಬರ ಸಾಕು.

ಹೂ ಮುಡಿಸಿದ ಮೇಲೆ ಮಡಿಲು ತುಂಬುವುದು. ಸೋಬಲಕ್ಕಿಗೆ ಐದು ಬೊಗಸೆ ಅಕ್ಕಿ, ಎಂದರೆ ಹತ್ತಿರ ಹತ್ತಿರ ಒಂದು ಕೆಜಿ, ಎರಡು ಗಿಟುಕು ಕೊಬ್ಬರಿ, ಎರಡು ಅಚ್ಚು ಬೆಲ್ಲ, ಐದು ಅರಿಶಿನದ ಕೊಂಬು, ಐದು ಅಡಿಕೆ, ಎಲೆ, ಹಣ್ಣು. ನುಣುಪು ರೇಷ್ಮೆಯ ಸೆರಗಿನಿಂದ ಅಕ್ಕಿ ಜಾರುತ್ತದೆ. ಸೆರಗಿನ ಕೆಳಗೆ ಒಂದು ಹತ್ತಿ ಟವೆಲ್ ಹಿಡಿಸಿ, ತುಂಬುವವರು ಒಬ್ಬರಾದ ಮೇಲೆ ಒಬ್ಬರು ಬರಲಿ. ಹುಡುಗಿ ಅದನ್ನು ಬೀಳಿಸದಂತೆ ಎದ್ದು ದೇವರಿಗೆ ನಮಸ್ಕರಿಸಿ ಒಳಗೆ ಹೋಗಬೇಕು. ಆ ಅಕ್ಕಿ ಬೆಲ್ಲವನ್ನು ಛತ್ರದ ಕೋಣೆಯಲ್ಲಿ ಮರೆತು ಬಂದರೆ ಮನಸ್ಸಿಗೆ ಕಿರಿಕಿರಿ. ಮನೆಗೆ ತಂದು ಮುಂದಿನ ಶುಕ್ರವಾರ ಅದರಲ್ಲೇ ಪಾಯಸ ಮಾಡಿ ನೈವೇದ್ಯವಿಟ್ಟು ಉಣ್ಣಬೇಕು.

ಇಲ್ಲಿ ಒಂದು ಮಾತನ್ನು ಬಿಡುವಂತಿಲ್ಲ. ಗಂಡನನ್ನು ಕಳೆದುಕೊಂಡ ತಾಯಿ, ಅಜ್ಜಿ, ಅತ್ತೆಯರನ್ನು ಈ ಹೊತ್ತಿನಲ್ಲಿ ಹಿಂದಿನ ಸಾಲಿಗೆ ಕಳಿಸುವ ಪದ್ಧತಿ ಇನ್ನೂ ಉಳಿದಿದೆ. ಮಗಳನ್ನು ಹೆತ್ತು, ಒಬ್ಬಳೇ ನಿಂತು ಸಾಕಿದ ಕೈಗಿಂತ ಮಂಗಳವಾದ ಕೈ ಆ ಸಭೆಯಲ್ಲಿ ಯಾವುದಿದೆ? ಗೌರಿ ತಾನೇ ತಾಯಿ. ಅವಳು ಇನ್ನೊಬ್ಬ ತಾಯಿಯ ಹಾರೈಕೆಯನ್ನು ದೂರ ತಳ್ಳುವುದಿಲ್ಲ. ಮೊದಲ ಅಕ್ಷತೆ ಆ ತಾಯಿಯಿಂದ ಹಾಕಿಸಿ, ಆರತಿಯ ತಟ್ಟೆಗೆ ಅವಳ ಕೈಯನ್ನೂ ಸೇರಿಸಿಕೊಳ್ಳಿ. ಕೊನೆಯ ಗಳಿಗೆಯಲ್ಲಿ ಗುಸುಗುಸು ಏಳದಂತೆ ಇದನ್ನು ಬೀಗರ ಹತ್ತಿರವೂ ಪುರೋಹಿತರ ಹತ್ತಿರವೂ ಮೊದಲೇ ಮಾತಾಡಿಕೊಂಡಿರಬೇಕು.

ಮದುವೆಯ ದಿನ ಹತ್ತಿರವಾದಂತೆ ಊರ ಮಾರಮ್ಮನಿಗೆ ತಂಬಿಟ್ಟಿನ ಆರತಿ. ಐದು ದೀಪಕ್ಕೆ ಅರ್ಧ ಕೆಜಿ ಅಕ್ಕಿ, ಕಾಲು ಕೆಜಿ ಬೆಲ್ಲ. ಅಕ್ಕಿಯನ್ನು ಎರಡು ಗಂಟೆ ನೆನೆಸಿ, ಬಸಿದು, ಬಟ್ಟೆಯ ಮೇಲೆ ನೆರಳಿನಲ್ಲಿ ಹರಡಿ, ಅಂಗೈಗೆ ತಂಪು ತಾಕುತ್ತಿರುವಾಗಲೇ, ಆದರೆ ಅಕ್ಕಿ ಅಂಟದಿರುವಾಗ, ಕುಟ್ಟಿ ಜರಡಿ ಹಿಡಿಯಬೇಕು. ತುರಿದ ಬೆಲ್ಲ, ಏಲಕ್ಕಿ ಸೇರಿಸಿ ನಾದಿದರೆ ಹಿಟ್ಟಿನ ತೇವವೇ ಸಾಕಾಗುತ್ತದೆ. ನೀರು ಹಾಕಿದರೆ ದೀಪ ಕುಸಿದು ಚಪ್ಪಟೆಯಾಗುತ್ತದೆ. ಅಂಗಡಿಯ ಒಣಹಿಟ್ಟು ತಂದರೆ ಬಿರುಕು ಬಿಟ್ಟು ತುಪ್ಪ ಸೋರುತ್ತದೆ. ಬೇರೆ ದಾರಿಯಿಲ್ಲದೆ ಒಣಹಿಟ್ಟೇ ಬಳಸಬೇಕಾದರೆ ಹಾಲು ಚಿಮುಕಿಸಿ ಅರ್ಧ ಗಂಟೆ ಮುಚ್ಚಿಟ್ಟು ಆಮೇಲೆ ಬೆಲ್ಲ ಸೇರಿಸಿ. ಮಧ್ಯದ ಗುಳಿ ಹೆಬ್ಬೆರಳಿನ ಆಳಕ್ಕಿರಲಿ, ಗೋಡೆ ದಪ್ಪವಿರಲಿ. ಬತ್ತಿ ಅಂಚಿಗೆ ತಾಗಿದರೆ ಬೆಲ್ಲ ಸುಟ್ಟು ಕಪ್ಪು ಹೊಗೆ ಏಳುತ್ತದೆ, ಆದ್ದರಿಂದ ಹೂಬತ್ತಿಯನ್ನು ನಡುವೆ ನಿಲ್ಲಿಸಿ. ತುಪ್ಪ ಗಟ್ಟಿಯಾಗಿರುವಾಗಲೇ ತುಂಬಿದರೆ ಗುಡಿಯವರೆಗೆ ಚೆಲ್ಲದೆ ಹೋಗುತ್ತದೆ. ಆರತಿಯಾದ ತಂಬಿಟ್ಟನ್ನು ಬತ್ತಿ ತೆಗೆದು ಗುಡಿಯ ಎದುರೇ ಮುರಿದು ಹಂಚುವುದು, ಮನೆಗೆ ಒಂದು ತುಣುಕು ಮಾತ್ರ.

ನಾಂದಿಯನ್ನು ಎಷ್ಟೋ ಜನ ಪುರೋಹಿತರ ಪಟ್ಟಿಯ ಒಂದು ಸಾಲು ಎಂದುಕೊಂಡು ಅವಸರದಲ್ಲಿ ಮುಗಿಸುತ್ತಾರೆ. ಸಂತೋಷ ಹಂಚಿಕೊಳ್ಳುವ ವಿಷಯದಲ್ಲಿ ಇದಕ್ಕಿಂತ ದೊಡ್ಡ ಕರ್ಮವಿಲ್ಲ. ಈ ಮನೆಯಲ್ಲಿ ಬಾಳಿ ಹೋದವರನ್ನು ‘ನಾಂದೀಮುಖರು’, ಅಂದರೆ ಹರ್ಷದಿಂದಿರುವ ಪಿತೃಗಳು ಎಂದು ಕರೆದು, ನಿಮ್ಮ ಮನೆಯ ಮಗುವಿಗೆ ಮದುವೆ, ಬನ್ನಿ ಎಂದು ಬೇಡಿಕೊಳ್ಳುವುದು ಅದು. ವರ್ಷದ ಶ್ರಾದ್ಧದಂತೆ ಇಲ್ಲಿ ಎಳ್ಳಿಲ್ಲ, ಅದರ ಜಾಗದಲ್ಲಿ ಜವೆಗೋಧಿ. ಜನಿವಾರ ಅಪಸವ್ಯವಾಗುವುದಿಲ್ಲ, ಎಡ ಹೆಗಲ ಮೇಲೇ ಇರುತ್ತದೆ. ಅಳುವಿಗೆ ಎಡೆಯಿಲ್ಲದ ಪಿತೃಕಾರ್ಯ. ಮದುವೆಗೆ ಹತ್ತು ದಿನ ಮುಂಚಿನವರೆಗೂ, ಉಪನಯನಕ್ಕೆ ಆರು ದಿನ, ಮಗುವಿನ ಮೊದಲ ಮುಡಿ ತೆಗೆಸುವ ಚೌಲಕ್ಕೆ ಮೂರು ದಿನ ಮುಂಚಿನವರೆಗೂ ನಾಂದಿ ಇಡಲು ಶಾಸ್ತ್ರದ ಒಪ್ಪಿಗೆ ಇದೆ. ಒಮ್ಮೆ ನಾಂದಿಯಾದರೆ ಆಮೇಲೆ ಬಂದ ಸೂತಕದಿಂದ ಆ ಕಾರ್ಯ ನಿಲ್ಲುವುದಿಲ್ಲ. ದಾಯಾದಿಗಳಲ್ಲಿ ತೀರ ವಯಸ್ಸಾದವರೋ ಹಾಸಿಗೆ ಹಿಡಿದವರೋ ಇದ್ದರೆ ಮುಹೂರ್ತದ ದಿನದವರೆಗೆ ಕಾಯದೆ ಮೊದಲೇ ಇಟ್ಟುಕೊಳ್ಳಿ ಎಂದು ಪುರೋಹಿತರು ಹೇಳುವುದು ಇದಕ್ಕೇ. ನಾಂದಿಯ ಪದ್ಧತಿ ಇಲ್ಲದ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಹೊಸ ಪಂಚೆ, ಹೊಸ ಸೀರೆ ಮಡಿಸಿಟ್ಟು, ಅವರು ಬದುಕಿದ್ದಾಗ ಇಷ್ಟಪಟ್ಟ ಅಡುಗೆ ಮಾಡಿ ಬಡಿಸುತ್ತಾರೆ. ತಾಯಿಯಿಲ್ಲದ ಹುಡುಗಿಗೆ ಆ ಸೀರೆಯನ್ನೇ ಮೊದಲು ಉಡಿಸಿದರೆ ಅವಳ ತಾಯಿ ಮಂಟಪದಲ್ಲಿ ಜೊತೆಗಿರುತ್ತಾಳೆ.

ಅಚ್ಚಾಗಿ ಬಂದ ಆಮಂತ್ರಣ ಪತ್ರಿಕೆಯ ಕಟ್ಟನ್ನು ಬಿಚ್ಚುವ ಮೊದಲೇ ದೇವರ ಮುಂದಿಡಬೇಕು. ಮೊದಲ ಐದಕ್ಕೆ ನಾಲ್ಕು ಮೂಲೆ ಅರಿಶಿನ ಹಚ್ಚಿ ತೆಗೆದಿಟ್ಟುಕೊಳ್ಳಿ: ಗಣಪತಿ, ಮನೆದೇವರು, ಗ್ರಾಮದೇವತೆ, ಗುರುಮಠ, ಸೋದರಮಾವ. ಮನೆದೇವರ ಗುಡಿಗೆ ಗಂಡ ಹೆಂಡತಿ ಇಬ್ಬರೂ ಹೋಗಿ, ಹಣ್ಣುಕಾಯಿಯ ತಟ್ಟೆಯಲ್ಲಿ ಪತ್ರಿಕೆಯಿಟ್ಟು ದೇವರ ಪಾದಕ್ಕೆ ಮುಟ್ಟಿಸಿಕೊಡಿ ಎಂದು ಅರ್ಚಕರಲ್ಲಿ ಕೇಳಬೇಕು. ಜಾತ್ರೆ, ಅಮಾವಾಸ್ಯೆಯ ನೂಕುನುಗ್ಗಲಿನಲ್ಲಿ ಇದು ಸಾಧ್ಯವಾಗದು, ವಾರದ ನಡುವಿನ ದಿನ ಬೆಳಗ್ಗೆ ಹೋಗಿ. ತಿರುಪತಿಯೇ ಮನೆದೇವರಾಗಿ ಹೋಗಲಾಗದವರು ಪತ್ರಿಕೆಯನ್ನು ಅಂಚೆಯಲ್ಲಿ ತಿರುಮಲ ತಿರುಪತಿ ದೇವಸ್ಥಾನಕ್ಕೆ ಕಳಿಸಿದರೆ ಅಲ್ಲಿಂದ ಅಕ್ಷತೆ, ಕುಂಕುಮ, ಕಂಕಣ ಬರುತ್ತದೆ. ವಿಳಾಸವನ್ನು ಪಿನ್‌ಕೋಡ್ ಸಮೇತ ಬಿಡಿಸಿ ಬರೆಯಿರಿ, ತಿಂಗಳ ಮೊದಲೇ ಹಾಕಿ. ಬಂದ ಅಕ್ಷತೆಯನ್ನು ಮುಹೂರ್ತದ ಅಕ್ಷತೆಗೆ ಬೆರೆಸಿಕೊಳ್ಳುವುದು.

ನೆಂಟರನ್ನು ಕರೆಯುವಾಗ ಮೊಬೈಲಿನಲ್ಲಿ ಚಿತ್ರ ಕಳಿಸಿ ಮುಗಿಸುವುದು ದೂರದವರಿಗೆ ಸರಿ. ಅದೇ ಬೀದಿಯ ಹಿರಿಯರಿಗೆ, ಮಗಳಿಗೆ ಅಕ್ಷರ ಕಲಿಸಿದ ಮೇಷ್ಟ್ರಿಗೆ, ಅವಳಿಗೆ ಎರೆದು ತಲೆ ಬಾಚಿದ ಪಕ್ಕದ ಮನೆಯ ಅಜ್ಜಿಗೆ ಬಾಗಿಲಿಗೇ ಹೋಗಿ ಕುಂಕುಮ ಕೊಟ್ಟು ಕರೆಯಬೇಕು. ಬರಲಾಗದವರಿಗೆ ನಿಶ್ಚಿತಾರ್ಥದ ಮರುದಿನವೇ ತಾಂಬೂಲ, ಕಾಯಿ, ಒಂದು ಹಿಡಿ ಸಕ್ಕರೆ ತಲುಪಿಸಿ. ಮೂರನೇ ದಿನಕ್ಕೆ ಎಲೆ ಬಾಡಿರುತ್ತದೆ. ನಿಶ್ಚಿತಾರ್ಥದ ಮರುದಿನ ಬೆಳಗ್ಗೆಯೇ ಅರಿಶಿನದ ಗಣಪನಿಗೆ ಪುನಃಪೂಜೆ ಮಾಡಿ, ಚಿಟಿಕೆ ಅರಿಶಿನವನ್ನು ಮಗಳ ಕೆನ್ನೆಗೆ ಹಚ್ಚಿ, ಉಳಿದದ್ದನ್ನು ನೀರಿನಲ್ಲಿ ಕರಗಿಸಿ ಹೂಗಿಡದ ಬುಡಕ್ಕೆ ಹಾಕಬೇಕು. ಗಣಪತಿಗೆ ತುಳಸಿ ಸಲ್ಲದು, ಆದ್ದರಿಂದ ತುಳಸಿಕಟ್ಟೆಗೆ ಬೇಡ. ಲಗ್ನಪತ್ರಿಕೆಯ ಪ್ರತಿಯನ್ನು ಮುಡಿಪಿನ ಗಂಟಿನ ಜೊತೆ ದೇವರಮನೆಯಲ್ಲೇ ಇಡಿ. ಮದುವೆಯಾಗಿ ಮಗಳು ಅಳಿಯ ಮನೆದೇವರ ದರ್ಶನಕ್ಕೆ ಹೊರಡುವ ದಿನ ಚೀಟಿ ಓದಿ, ಆ ಗಂಟನ್ನು ಅವರ ಕೈಯಿಂದಲೇ ಹುಂಡಿಗೆ ಹಾಕಿಸಿ.